ಚಿನ್ನ ತೆಗೆಯುವ ಪಾದರಸ ಮೀನಿಗೆ ಸೇರುತ್ತದಂತೆ. ಬಸುರಿ ತಂಗಿಗೆ ಹೊಳೆಮೀನು ಕೊಡಬಹುದಾ?

ಹೊಳೆದಂಡೆ (ಹೊನ್ನಾಳಿ), ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈಗ ಏಳು ತಿಂಗಳು. ನಮ್ಮದು ತುಂಗಭದ್ರೆ ದಂಡೆಯ ಮನೆ. ವಾರಕ್ಕೆ ಎರಡು ಸಲವಾದರೂ ಮೀನು ಸಾರು ಆಗಲೇಬೇಕು.

ಮೊನ್ನೆ ತಂಗಿಯ ಯಜಮಾನರು ಒಂದು ವಿಡಿಯೊ ಕಳಿಸಿದರು. ಪೆರು ದೇಶದ ಮಾದ್ರೆ ದೆ ದಿಯೋಸ್ ಅನ್ನುವ ಕಡೆಯದು. ಕಾಡು ಸವರಿ, ಹೊಳೆದಂಡೆಯ ಮರಳು ಬಗೆದು ಚಿನ್ನ ತೆಗೆಯುತ್ತಾರೆ. ಮರಳಿನಿಂದ ಚಿನ್ನ ಬೇರೆ ಮಾಡಲು ಪಾದರಸ ಸುರಿಯುತ್ತಾರೆ. ಅದು ಹೊಳೆಗೆ ಇಳಿದು, ಮೀನಿಗೆ ಸೇರಿ, ಮೀನು ತಿಂದ ಜನರ ಮೈಗೆ ಬಂದಿದೆ. 2016ರಲ್ಲಿ ಅಲ್ಲಿನ ಸರ್ಕಾರ ಇದೇ ಕಾರಣಕ್ಕೆ ಆ ಭಾಗದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತ್ತಂತೆ. ಹೊಟ್ಟೆಯಲ್ಲಿರುವ ಮಗುವಿಗೆ ಇದು ತುಂಬಾ ಕೆಟ್ಟದ್ದು ಎಂದು ಕೊನೆಗೆ ಹೇಳುತ್ತಾರೆ.

ಅವತ್ತಿನಿಂದ ತಂಗಿ ಮೀನು ಮುಟ್ಟುತ್ತಿಲ್ಲ. ಅವ್ವನಿಗೆ ಬೇಜಾರು. "ನಿಮ್ಮ ಮೂವರನ್ನೂ ಹೊಳೆಮೀನು ತಿಂದೇ ಹೆತ್ತೆ" ಅನ್ನುತ್ತಾಳೆ. ಇಬ್ಬರಿಗೂ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಮಾತು ತಲೆ ಕೊರೆಯುತ್ತಿದೆ. ನಮ್ಮ ಊರಿನ ಹೆಸರಲ್ಲೇ ಹೊನ್ನು ಇದೆ. ಬ್ರಿಟಿಷರ ಕಾಲದಲ್ಲಿ ಈ ಸೀಮೆಯಲ್ಲಿ ಚಿನ್ನದ ಗಣಿ ತೋಡಿದ್ದರು ಎಂದು ಹಿರಿಯರು ಹೇಳುತ್ತಾರೆ. ಆಗ ಪಾದರಸ ಬಳಸಿದ್ದರೆ ಅದು ಇನ್ನೂ ಮಣ್ಣಿನಲ್ಲಿ, ಹೊಳೆಯಲ್ಲಿ ಉಳಿದಿರುತ್ತದಾ? ತಿಳಿದವರು ದಯವಿಟ್ಟು ಹೇಳಿ.


ಬೆಣ್ಣೆನಗರಿ (ದಾವಣಗೆರೆ), 9:32

ಸುಮ್ನೆ ಹೆದರಬೇಡಿ ಅಣ್ಣ. ಉಪ್ಪು, ಅರಿಶಿನ, ಹುಣಸೆಹುಳಿ ಹಾಕಿ ನಾಲ್ಕು ನೀರಲ್ಲಿ ತೊಳೆಯಿರಿ. ಆಮೇಲೆ ಚೆನ್ನಾಗಿ ಕುದಿಸಿ. ಯಾವ ವಿಷ ಇದ್ದರೂ ಹೋಗುತ್ತದೆ.


ಕೋಟೆ ಮೇಡಂ (ಚಿತ್ರದುರ್ಗ), 10:05

ಹೋಗುವುದಿಲ್ಲ, ತಮ್ಮಾ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು.

ಮೀನಿನಲ್ಲಿ ಇರುವುದು ಥರ್ಮಾಮೀಟರಿನಲ್ಲಿ ಕಾಣುವ ಬೆಳ್ಳಿ ಬಣ್ಣದ ಪಾದರಸ ಅಲ್ಲ. ಅದರಿಂದ ಹುಟ್ಟಿದ ಮಿಥೈಲ್ ಪಾದರಸ. ಇದು ಮೀನಿನ ಖಂಡದಲ್ಲಿರುವ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ತೊಳೆದರೂ ಬಿಡುವುದಿಲ್ಲ, ಚರ್ಮ ಸುಲಿದರೂ ಬಿಡುವುದಿಲ್ಲ, ಕುದಿಸಿದರೂ ಹುರಿದರೂ ಅಷ್ಟೇ ಇರುತ್ತದೆ.

ಅದು ಹುಟ್ಟುವ ಬಗೆ ಹೀಗೆ. ಹೊಳೆಗೆ ಬಿದ್ದ ಪಾದರಸ ತಳದ ಕೆಸರಿಗೆ ಇಳಿಯುತ್ತದೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ ಅದು. ಕೆಸರಿನ ಒಳಗೆ ಗಾಳಿ ಆಡದ ಕಡೆ ಕೆಲವು ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಪಾದರಸವನ್ನು ಮಿಥೈಲ್ ಪಾದರಸ ಮಾಡುವವು ಅವೇ. ಅಲ್ಲಿಂದ ಪಾಚಿಗೆ, ಪಾಚಿ ತಿನ್ನುವ ಹುಳಕ್ಕೆ, ಹುಳ ತಿನ್ನುವ ಸಣ್ಣ ಮೀನಿಗೆ, ಸಣ್ಣ ಮೀನು ನುಂಗುವ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ತಿಂದದ್ದು ಬೇಗ ಹೊರಗೆ ಹೋಗುವುದಿಲ್ಲ, ಕೂಡುತ್ತಲೇ ಇರುತ್ತದೆ. ನೀರಲ್ಲಿ ಇರುವುದಕ್ಕಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಪಾದರಸ ಬೇಟೆಗಾರ ಮೀನಿನಲ್ಲಿ ಸೇರಬಹುದು. ಅದಕ್ಕೇ ನೀರು ಪರೀಕ್ಷೆ ಮಾಡಿಸಿ "ಎಲ್ಲ ಸರಿ ಇದೆ" ಎಂದು ಬಂದರೂ ಮೀನಿನ ಮಾತು ಬೇರೆ ಇರಬಹುದು.

ಇದು ಲೋಕಕ್ಕೆ ಗೊತ್ತಾದದ್ದು ಜಪಾನಿನ ಮಿನಮಾಟ ಊರಿನಿಂದ. ಅಲ್ಲಿ ಚಿನ್ನದ ಗಣಿ ಇರಲಿಲ್ಲ. ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ 1932ರಿಂದ 1968ರ ತನಕ ಪಾದರಸ ಸೇರಿದ ನೀರನ್ನು ಸಮುದ್ರಕ್ಕೆ ಬಿಟ್ಟಿತು. ಮೊದಲು ಮೀನು ತಿಂದ ಬೆಕ್ಕುಗಳು ಕುಣಿದಂತೆ ಆಡಿ ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ತುಟಿ, ಬೆರಳು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಎದುರಿನದ್ದು ಮಾತ್ರ ಕಂಡು ಪಕ್ಕದ್ದು ಕಾಣದಿರುವುದು, ಮಾತು ತೊದಲುವುದು. ನನ್ನ ಮನಸ್ಸಿಗೆ ಹೆಚ್ಚು ನಾಟುವುದು ಅಲ್ಲಿನ ತಾಯಂದಿರ ಕಥೆ. ಎಷ್ಟೋ ತಾಯಂದಿರಿಗೆ ಏನೂ ಆಗಿರಲಿಲ್ಲ, ಆದರೂ ಹುಟ್ಟಿದ ಮಗುವಿಗೆ ಮಿದುಳಿನ ತೊಂದರೆ ಇತ್ತು. ಮಾಸಿನ ಮೂಲಕ ವಿಷ ಮಗುವಿಗೆ ದಾಟಿಬಿಟ್ಟಿತ್ತು. ಹೊಳೆದಂಡೆಯವರೇ, ನಿಮ್ಮ ಭಾವನವರ ಹೆದರಿಕೆ ಎಲ್ಲಿಂದ ಬಂತು ಎಂದು ಅವ್ವನಿಗೆ ಇಷ್ಟು ಹೇಳಿ.

ಈಗ ಹಳೆ ಗಣಿ. ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಕೋಲಾರದ ಗಿರಣಿಗಳಲ್ಲೂ ಮೊದಮೊದಲು ತಾಮ್ರದ ಹಲಗೆಗೆ ಪಾದರಸ ಸವರಿ, ಅದರ ಮೇಲೆ ಅದಿರಿನ ಹಿಟ್ಟು ನೀರು ಹರಿಸುತ್ತಿದ್ದರು. ಚಿನ್ನ ಹಲಗೆಗೆ ಹಿಡಿಯುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1849ರ ಹೊತ್ತಿಗೆ ಜನ ಚಿನ್ನಕ್ಕೆ ಮುಗಿಬಿದ್ದ ಮೇಲೆ ಹೊಳೆಗಳಿಗೆ ಸುರಿದ ಪಾದರಸ ಇವತ್ತಿಗೂ ಕೆಸರಿನಲ್ಲಿದೆ. ಕೆಲವು ಕೆರೆ ಹೊಳೆಗಳ ಮೀನನ್ನು ಬಸುರಿಯರು ಎಷ್ಟು ತಿನ್ನಬಹುದು ಎಂದು ಅಲ್ಲಿ ಇನ್ನೂ ಎಚ್ಚರಿಕೆ ಕೊಡುತ್ತಾರೆ. ಆದರೆ ಅಲ್ಲಿ ಸುರಿದದ್ದು ಸಾವಿರಾರು ಟನ್. ನಿಮ್ಮ ಸೀಮೆಯ ಸಣ್ಣ ಗಣಿಯನ್ನು ಅದರ ಪಕ್ಕ ಇಟ್ಟು ಹೆದರಬೇಡಿ. ಯಾವ ಮೀನು ತರುತ್ತೀರಿ, ಎಷ್ಟು ದೊಡ್ಡದು, ಅದನ್ನು ಹೇಳಿ. ಅಲ್ಲಿಂದ ಮುಂದೆ ಮಾತಾಡೋಣ.


ಸೂಳೆಕೆರೆ ಬಲೆ (ಚನ್ನಗಿರಿ), ಸೋಮವಾರ ಬೆಳಿಗ್ಗೆ 6:40

ಮೇಡಂ, ನೀವು ತಿಳಿದವರು, ಒಪ್ಪುತ್ತೇನೆ. ಆದರೆ ಇಂಥ ವಿಡಿಯೊ ಒಂದು ಹರಿದಾಡಿದರೆ ನಮ್ಮ ವ್ಯಾಪಾರ ಹದಿನೈದು ದಿನ ಬಿದ್ದುಹೋಗುತ್ತದೆ. ಕೆರೆ ಮೀನು ತಿನ್ನುವವರೆಲ್ಲ ಕೋಳಿಗೆ ತಿರುಗುತ್ತಾರೆ. ನಮ್ಮ ಅಪ್ಪ ಐವತ್ತು ವರ್ಷ ಇದೇ ನೀರಲ್ಲಿ ಬಲೆ ಬೀಸಿದ್ದಾರೆ. ಸೂಳೆಕೆರೆಗೆ ಎಲ್ಲಿಯ ಚಿನ್ನದ ಗಣಿ? ಭದ್ರಾ ಕಾಲುವೆ ನೀರು, ಹರಿದ್ರಾವತಿ ಹಳ್ಳದ ನೀರು. ಪೆರುವಿನ ಪಾಪ ನಮ್ಮ ಬುಟ್ಟಿಗೆ ಯಾಕೆ ಹಾಕುತ್ತೀರಿ?

ಮೀನಿನ ವಿಷಯ ಕೇಳಿದ್ದೀರಿ. ಕಾಟ್ಲಾ, ರೋಹು, ಮೃಗಾಲ್ ಜಾಸ್ತಿ. ಜಿಲೇಬಿ ಮೀನು ಯಾವಾಗಲೂ ಇರುತ್ತದೆ. ಬಾಳೆಮೀನು, ಕುಚ್ಚುಮೀನು ಸಿಕ್ಕರೆ ಒಳ್ಳೆ ರೇಟು.


ಕೋಟೆ ಮೇಡಂ (ಚಿತ್ರದುರ್ಗ), 7:55

ನಿಮ್ಮ ಸಂಕಟ ಅರ್ಥವಾಯಿತು ಅಣ್ಣ. ನೀವು ಕೊಟ್ಟ ಪಟ್ಟಿಯಲ್ಲೇ ಉತ್ತರ ಇದೆ ನೋಡಿ. ಕಾಟ್ಲಾ ನೀರಿನ ಮೇಲಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ಪಾಚಿ, ಗಿಡ ತಿನ್ನುತ್ತದೆ. ಜಿಲೇಬಿಯೂ ಹೆಚ್ಚುಕಡಿಮೆ ಹಾಗೇ. ಇವು ಏಣಿಯ ಕೆಳಗಿನ ಮೆಟ್ಟಿಲಿನವು. ಬೇಗ ಬೆಳೆಯುತ್ತವೆ, ಒಂದೆರಡು ವರ್ಷದಲ್ಲಿ ಬಲೆಗೆ ಬರುತ್ತವೆ, ಪಾದರಸ ಕೂಡಲು ಸಮಯವೇ ಇರುವುದಿಲ್ಲ. ಬಾಳೆ, ಕುಚ್ಚು ಬೇರೆ ಮೀನನ್ನು ನುಂಗಿ ಬದುಕುವವು. ಹತ್ತು ಕೆಜಿಯ ಬಾಳೆಮೀನು ಎಷ್ಟೋ ವರ್ಷ ತಿಂದದ್ದನ್ನು ಹೊತ್ತುಕೊಂಡು ಬಂದಿರುತ್ತದೆ.

ಸಮುದ್ರದ ಮೀನಿಗೂ ಇದೇ ಲೆಕ್ಕ. ಬೂತಾಯಿ, ಬಂಗುಡೆ ಕಡಿಮೆ. ಶಾರ್ಕ್, ದೊಡ್ಡ ಟ್ಯೂನಾ ಜಾಸ್ತಿ. ಬಸುರಿಗೆ ಒಂದು ಕೆಜಿಯ ರೋಹು ಧಾರಾಳವಾಗಿ ಮಾಡಿ ಬಡಿಸಿ. ದೊಡ್ಡ ಬಾಳೆಮೀನು ಹೆರಿಗೆ ಆಗಿ ಮಗು ಎದೆಹಾಲು ಬಿಡುವ ತನಕ ಬೇಡ.


ಎಣ್ಣೆ ವ್ಯಾಪಾರಿ (ಚನ್ನಗಿರಿ), 1:20

ನಮ್ಮದು ಹಕ್ಕಿಪಿಕ್ಕಿ ಜನ. ತಲೆಕೂದಲಿನ ಎಣ್ಣೆ ಮಾರಲು ಆಫ್ರಿಕಕ್ಕೆ ಹೋಗಿಬರುತ್ತೇವೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಗುಂಡು ಹಾರುವಾಗ ನಮ್ಮವರು ಸಿಕ್ಕಿಬಿದ್ದದ್ದು, ಸರ್ಕಾರ ಹಡಗು ವಿಮಾನದಲ್ಲಿ ಕರೆತಂದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಾನು ಅದಕ್ಕೂ ಮೊದಲು ಎರಡು ಸಲ ಅಲ್ಲಿದ್ದೆ. ಈ ಪಾದರಸದ ಕೆಲಸವನ್ನು ಕಣ್ಣಾರೆ ನೋಡಿದವನು ಇಲ್ಲಿ ನಾನೊಬ್ಬನೇ ಇರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

2011ರಲ್ಲಿ ದಕ್ಷಿಣ ಸುಡಾನ್ ಬೇರೆ ಆಯಿತು. ಎಣ್ಣೆ ಬಾವಿ ಹೆಚ್ಚಿನವು ಅತ್ತ ಹೋದವು. ಇತ್ತ ಉಳಿದವರಿಗೆ ಚಿನ್ನವೇ ದಿಕ್ಕು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಗುಂಡಿ ತೋಡುತ್ತಾರೆ. ಹಳ್ಳಿಯವರು, ಕುರಿ ಕಾಯುವವರು, ಓದು ಬಿಟ್ಟ ಹುಡುಗರು. ಮರುಭೂಮಿಯಲ್ಲಿ ಕಲ್ಲು ಬಗೆದು ಮೂಟೆ ಕಟ್ಟಿ ಲಾರಿಯಲ್ಲಿ ಸಂತೆಗೆ ತರುತ್ತಾರೆ. ಅಲ್ಲಿ ಸಾಲಾಗಿ ಗಿರಣಿ. ಎರಡು ಕಬ್ಬಿಣದ ಗಾಲಿ ಒದ್ದೆ ಕಲ್ಲಿನ ಮೇಲೆ ಸುತ್ತುತ್ತಾ ಹಿಟ್ಟು ಮಾಡುತ್ತವೆ. ಪಾದರಸವನ್ನು ಗಿರಣಿಯ ಒಳಗೇ ಸುರಿಯುತ್ತಾರೆ. ಆಮೇಲೆ ತೊಟ್ಟಿಯಲ್ಲಿ ಜಾಲಿಸುತ್ತಾರೆ. ತಳದಲ್ಲಿ ಹಿಟ್ಟಿನ ಮುದ್ದೆ ಥರ ಬೆಳ್ಳಗೆ ಒಂದು ಉಂಡೆ ಉಳಿಯುತ್ತದೆ. ಅದನ್ನು ಬಟ್ಟೆಯಲ್ಲಿ ಹಾಕಿ ಹಿಂಡುತ್ತಾರೆ, ನಮ್ಮಲ್ಲಿ ಮೊಸರು ಹಿಂಡುವ ಹಾಗೆ. ಬರಿಗೈಯಲ್ಲಿ. ಜಾಸ್ತಿ ಆದ ಪಾದರಸ ಬಟ್ಟೆಯ ಕಣ್ಣಿನಿಂದ ಜಿನುಗುತ್ತದೆ. ಒಳಗೆ ಗಟ್ಟಿ ಉಂಡೆ. ಅರ್ಧ ಚಿನ್ನ, ಅರ್ಧ ಪಾದರಸ.

ಆಮೇಲೆ ಅದನ್ನು ಸುಡುತ್ತಾರೆ. ಚಮಚದಲ್ಲಿ ಇಟ್ಟು ಗ್ಯಾಸ್ ಬೆಂಕಿ ಹಿಡಿಯುತ್ತಾರೆ. ಪಾದರಸ ಗಾಳಿಗೆ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಅದೇ ಜಾಗದಲ್ಲಿ ಚಹಾ ಕಾಯಿಸುತ್ತಾರೆ. ನಾನೂ ಕುಡಿದಿದ್ದೇನೆ. ಆ ಹೊಗೆಗೆ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ. ಹೊಗೆ ಇದೆ ಎಂದೇ ತಿಳಿಯುತ್ತಿರಲಿಲ್ಲ.

ಜಾಲಿಸಿ ಬಿಟ್ಟ ಮಣ್ಣಿಗೆ ಅವರು ಕರ್ತಾ ಅನ್ನುತ್ತಾರೆ. ಅದರಲ್ಲಿ ಇನ್ನೂ ಚಿನ್ನ ಇರುತ್ತದೆ. ಆ ಗುಡ್ಡೆಗಳನ್ನು ದೊಡ್ಡ ಕಂಪನಿಯವರು ಕೊಂಡು ಸೈನೈಡ್ ಹಾಕುತ್ತಾರೆ. ಮಳೆ ಬಂದರೆ ಎಲ್ಲ ಹಳ್ಳಕ್ಕೆ, ಹಳ್ಳದಿಂದ ನೈಲ್ ನದಿ ಕಡೆಗೆ. ಅಲ್ಲಿನ ಒಬ್ಬ ಮುದುಕ ನನ್ನ ಗಿರಾಕಿ. ಅವನಿಗೆ ಕೈ ನಡುಗಿ ಎಣ್ಣೆ ಶೀಶೆಯ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ನಾನೇ ತೆಗೆದುಕೊಡುತ್ತಿದ್ದೆ. ವಯಸ್ಸಾಗಿದೆ ಅಂದುಕೊಂಡಿದ್ದೆ. ಅವನು ಹದಿನೈದು ವರ್ಷ ಉಂಡೆ ಸುಟ್ಟವನು.


ಕೋಟೆ ಮೇಡಂ (ಚಿತ್ರದುರ್ಗ), 3:45

ಅಣ್ಣ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾಳೆ ತರಗತಿಯಲ್ಲಿ ಇದನ್ನು ಓದಿ ಹೇಳುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ.

ಒಂದು ಸೇರಿಸುತ್ತೇನೆ. ಪಾದರಸವನ್ನು ಯಾರಾದರೂ ತಪ್ಪಿ ನುಂಗಿದರೆ ಹೆಚ್ಚಿನ ಪಾಲು ಹಾಗೇ ಹೊರಗೆ ಹೋಗುತ್ತದೆ. ಅದರ ಆವಿ ಉಸಿರಿಗೆ ಹೋದರೆ ನೂರರಲ್ಲಿ ಎಂಬತ್ತು ಪಾಲು ಮೈಯಲ್ಲೇ ಉಳಿಯುತ್ತದೆ. ಆ ಮುದುಕನ ಕೈ ನಡುಕ ಆವಿಯದು. ಮೀನಿನಿಂದ ಬರುವ ತೊಂದರೆ ಬೇರೆ, ಉಸಿರಿನಿಂದ ಬರುವುದು ಬೇರೆ. ಹೊರಗೆ ಹೋದ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ, ಎಲ್ಲೋ ಮಳೆಯ ಜೊತೆ ಇಳಿದು, ಯಾವುದೋ ಕೆರೆಯ ಕೆಸರು ಸೇರುತ್ತದೆ. ಸೂಳೆಕೆರೆ ಬಲೆಯವರಿಗೆ ಇದನ್ನೂ ಹೇಳಬೇಕು. ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ನೂರಕ್ಕೆ 38ರಷ್ಟು ಇಂಥ ಸಣ್ಣ ಚಿನ್ನದ ಗಣಿಗಳದ್ದು ಎಂದು ವಿಶ್ವಸಂಸ್ಥೆಯ 2018ರ ಲೆಕ್ಕ ಹೇಳುತ್ತದೆ. ಕಲ್ಲಿದ್ದಲು ಸುಡುವುದು ಅದರ ನಂತರದ್ದು. ನಮ್ಮ ಪಕ್ಕದ ಬಳ್ಳಾರಿ, ರಾಯಚೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳಿವೆ ಅಲ್ವಾ?


ಮೆಕ್ಕೆಜೋಳ (ಜಗಳೂರು), ಸೋಮವಾರ ರಾತ್ರಿ 8:15

ಚಿನ್ನದ ಮಾತಿನ ನಡುವೆ ರೈತನ ಒಂದು ಮಾತು. ನಮ್ಮ ಅಪ್ಪನ ಕಾಲದಲ್ಲಿ ಜೋಳದ ಬೀಜಕ್ಕೆ ಅಗ್ರೋಸಾನ್ ಅಂತ ಪುಡಿ ಹಚ್ಚಿ ಬಿತ್ತುತ್ತಿದ್ದರು. ಕಾಡಿಗೆ ರೋಗಕ್ಕೆ. ಅದರಲ್ಲೂ ಪಾದರಸ ಇತ್ತು ಎಂದು ಕೃಷಿ ಇಲಾಖೆಯವರು ಒಂದು ತರಬೇತಿಯಲ್ಲಿ ಹೇಳಿದ್ದರು. ಬರಿಗೈಯಲ್ಲಿ ಕಲಸುತ್ತಿದ್ದರು. ಈಗ ಅದು ಇಲ್ಲ.

ಅದೇ ತರಬೇತಿಯಲ್ಲಿ ಇರಾಕಿನ ಕಥೆ ಕೇಳಿದೆ. 1971ರಲ್ಲಿ ಅಲ್ಲಿ ಬರ. ಸರ್ಕಾರ ಹೊರದೇಶದಿಂದ ಗೋಧಿ ಬೀಜ ತರಿಸಿ ಹಂಚಿತು. ಬೀಜಕ್ಕೆ ಮಿಥೈಲ್ ಪಾದರಸ ಹಚ್ಚಿ, ಗುರುತಿಗೆ ಬಣ್ಣ ಹಾಕಿದ್ದರು. ಬಿತ್ತನೆ ಸಮಯ ಮುಗಿದ ಮೇಲೆ ಬೀಜ ಬಂತು. ಹಸಿದ ಜನ ಏನು ಮಾಡುತ್ತಾರೆ? ಬಣ್ಣ ಹೋಗುವ ತನಕ ತೊಳೆದು ರೊಟ್ಟಿ ಮಾಡಿ ತಿಂದರು. ಬಣ್ಣ ಹೋದರೆ ವಿಷವೂ ಹೋಯಿತು ಅಂದುಕೊಂಡರು. ಆಸ್ಪತ್ರೆ ಸೇರಿದವರೇ ಆರು ಸಾವಿರಕ್ಕೂ ಜಾಸ್ತಿ, ಅಲ್ಲೇ ಸತ್ತವರು 459. ಹುಣಸೆ ಹಾಕಿ ತೊಳೆಯಿರಿ ಅಂದ ತಮ್ಮನಿಗೆ ಇದನ್ನು ಹೇಳಬೇಕು ಅನ್ನಿಸಿತು. ತಪ್ಪು ತಿಳಿಯಬೇಡ ತಮ್ಮಾ.


ಬೆಣ್ಣೆನಗರಿ (ದಾವಣಗೆರೆ), 8:40

ಇಲ್ಲ ಅಣ್ಣ. ಗೊತ್ತಿರಲಿಲ್ಲ. ಇನ್ನು ಯಾರಿಗೂ ಹಾಗೆ ಹೇಳುವುದಿಲ್ಲ.


ಗುಡ್ಡದ ಹುಡುಗಿ (ಇಂಗಳದಾಳ್), 9:05

ನಮ್ಮೂರಲ್ಲಿ ತಾಮ್ರದ ಗಣಿ ಇತ್ತಲ್ಲ, ಅದರ ಮಣ್ಣಿನ ಗುಡ್ಡೆ ಇನ್ನೂ ಇದೆ. ಅದರಲ್ಲೂ ಪಾದರಸ ಇರುತ್ತದಾ ಮೇಡಂ?


ಕೋಟೆ ಮೇಡಂ (ಚಿತ್ರದುರ್ಗ), 9:20

ತಾಮ್ರ ತೆಗೆಯಲು ಪಾದರಸ ಹಾಕುವುದಿಲ್ಲ ಪುಟ್ಟಿ. ಅದಿರಿನ ಹಿಟ್ಟನ್ನು ನೀರು, ನೊರೆಯಲ್ಲಿ ತೇಲಿಸಿ ಬೇರೆ ಮಾಡುತ್ತಾರೆ. ಅಂಥ ಗುಡ್ಡೆಯಲ್ಲಿ ಗಂಧಕ ಇರುತ್ತದೆ, ಮಳೆ ನೀರು ಸೇರಿ ಆಮ್ಲ ಆಗುತ್ತದೆ. ಅದು ಬೇರೆ ತೊಂದರೆ. ಆ ಮಣ್ಣು ಮನೆಗೆ ತರಬೇಡಿ, ಅದರ ಕೆಳಗಿನ ಹೊಂಡದ ನೀರು ದನಕ್ಕೆ ಕುಡಿಸಬೇಡಿ.


ಮೂಸೆ (ದಾವಣಗೆರೆ), ಮಂಗಳವಾರ ರಾತ್ರಿ 10:50

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಅಕ್ಕಸಾಲಿ. ಅಪ್ಪನ ಹತ್ತಿರ ಕಲಿತ ಕೆಲಸ, ಮೂವತ್ತೆರಡು ವರ್ಷ ಆಯಿತು. ನೀವೆಲ್ಲ ಪೆರು, ಸುಡಾನ್ ಅನ್ನುತ್ತಿದ್ದೀರಿ. ಆ ಎಣ್ಣೆ ವ್ಯಾಪಾರಿ ಅಣ್ಣ ಬರೆದದ್ದನ್ನು ಓದುವಾಗ ನನಗೆ ನಮ್ಮ ಓಣಿಯೇ ಕಣ್ಣ ಮುಂದೆ ಬಂತು. ಬಟ್ಟೆಯಲ್ಲಿ ಹಿಂಡುವುದು, ಸುಡುವುದು, ಪಕ್ಕದಲ್ಲೇ ಚಹಾ.

ಒಡವೆಗೆ ಅರ ಹಾಕುವಾಗ, ಉಜ್ಜುವಾಗ ಚಿನ್ನದ ಪುಡಿ ಹಾರುತ್ತದೆ. ಅದಕ್ಕೇ ನಾವು ಕಸ ಬಿಸಾಡುವುದಿಲ್ಲ. ಗುಡಿಸಿದ ಮಣ್ಣು, ಕುಲುಮೆಯ ಬೂದಿ, ಒಡೆದ ಮೂಸೆಯ ಚೂರು, ಕೈ ತೊಳೆದ ನೀರಿನ ಗಸಿ ಎಲ್ಲ ಡಬ್ಬಿಯಲ್ಲಿ ಕೂಡಿಸಿಟ್ಟು ಮಾರುತ್ತೇವೆ. ಬೆಳಗಿನ ಜಾವ ಅಂಗಡಿ ಮುಂದಿನ ಚರಂಡಿಯ ಮಣ್ಣು ಬಳಿದುಕೊಂಡು ಹೋಗುವ ಕುಟುಂಬಗಳೂ ಇವೆ. ಹಿಂದಿನವರು ಇವರನ್ನು ಜಲಗಾರರು ಅನ್ನುತ್ತಿದ್ದರು. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರದ ಮರಿಗೆ ಹಿಡಿದು ಮರಳಲ್ಲಿ ಚಿನ್ನ ಜಾಲಿಸುತ್ತಿದ್ದವರಿಗೂ ಅದೇ ಹೆಸರು. ಕೆಲಸವೂ ಅದೇ, ಹಳ್ಳದ ಬದಲು ಚರಂಡಿ.

ಇವರು ಮಣ್ಣನ್ನು ಸುಟ್ಟು, ಅರೆದು, ಜಾಲಿಸಿ, ಕೊನೆಗೆ ಉಳಿದ ಕಪ್ಪು ಪುಡಿಗೆ ಪಾದರಸ ಹಾಕಿ ಉಜ್ಜುತ್ತಾರೆ. ಹಿಂಡಿ ಉಂಡೆ ಮಾಡುತ್ತಾರೆ. ಉಂಡೆ ಸುಡುವುದು ಮನೆಯ ಒಳಗೇ, ಯಾರೂ ನೋಡಬಾರದು ಎಂದು ಬಾಗಿಲು ಹಾಕಿಕೊಂಡು. ಬೊಗಸೆಯಷ್ಟು ಚಿನ್ನ ಸಿಗುತ್ತದೆ ಅಂದುಕೊಳ್ಳಬೇಡಿ. ವಾರಕ್ಕೆ ಗ್ರಾಂ ಲೆಕ್ಕ. ಅಷ್ಟಕ್ಕೆ ಮನೆ ಮಂದಿಯೆಲ್ಲ ದುಡಿಯುತ್ತಾರೆ.

ನಮ್ಮ ದೊಡ್ಡಪ್ಪ ದೇವರ ಮೂರ್ತಿಗೆ, ಕಳಸಕ್ಕೆ ಚಿನ್ನದ ನೀರು ಹತ್ತಿಸುತ್ತಿದ್ದರು. ಹಳೆ ಪದ್ಧತಿ. ಚಿನ್ನ, ಪಾದರಸ ಕಲಸಿ ತಾಮ್ರಕ್ಕೆ ಸವರಿ ಕೆಂಡದ ಮೇಲೆ ಕಾಯಿಸುವುದು. ಪಾದರಸ ಹಾರಿಹೋಗಿ ಚಿನ್ನ ಹಿಡಿದುಕೊಳ್ಳುತ್ತದೆ. ಐವತ್ತೈದನೇ ವಯಸ್ಸಿಗೆ ಅವರ ಕೈ ನಡುಗಲು ಶುರುವಾಯಿತು. ಹಲ್ಲು ಸಡಿಲಾದವು. ಸಣ್ಣ ಮಾತಿಗೆ ಸಿಟ್ಟು, ಆಮೇಲೆ ಅಳು. ಯಾರಾದರೂ ನೋಡುತ್ತಾ ನಿಂತರೆ ಕೈಯೇ ಓಡುತ್ತಿರಲಿಲ್ಲ. "ಯಾರೋ ಮಾಟ ಮಾಡಿಸಿದ್ದಾರೆ" ಎಂದು ಉಚ್ಚಂಗಿದುರ್ಗಕ್ಕೆ ಹೋಗಿ ಹರಕೆ ಹೊತ್ತೆವು. ಮೇಡಂ, ಅದು ಮಾಟ ಅಲ್ಲ ಅಂತ ಈ ವಯಸ್ಸಿನಲ್ಲಿ ನನಗೆ ತಿಳಿಯುತ್ತಿದೆ. ಅವರು ಹೋಗಿ ಹನ್ನೊಂದು ವರ್ಷ.


ಕೋಟೆ ಮೇಡಂ (ಚಿತ್ರದುರ್ಗ), ಬುಧವಾರ ಬೆಳಿಗ್ಗೆ 6:15

ಅಣ್ಣಾವ್ರೆ, ನಿಮ್ಮ ದೊಡ್ಡಪ್ಪನ ಕೈ ನಡುಕ, ಒಸಡು, ಸಿಟ್ಟು, ಸಂಕೋಚ ನಾಲ್ಕೂ ಪಾದರಸದ ಆವಿಯ ಹಳೆಯ ಲಕ್ಷಣಗಳು. ಯೂರೋಪಿನಲ್ಲಿ ಟೋಪಿ ಮಾಡುವವರಿಗೂ ಹೀಗೇ ಆಗುತ್ತಿತ್ತು. ಮೊಲದಂಥ ಪ್ರಾಣಿಗಳ ತುಪ್ಪಳ ಹದ ಮಾಡಲು ಅವರು ಪಾದರಸ ಬಳಸುತ್ತಿದ್ದರು.

ಪಾದರಸದ ಬಗ್ಗೆ ದೇಶಗಳು ಸೇರಿ ಮಾಡಿಕೊಂಡ ಮಿನಮಾಟ ಒಪ್ಪಂದ 2013ರದ್ದು, ಜಾರಿಗೆ ಬಂದದ್ದು 2017ರಲ್ಲಿ. ಭಾರತ 2018ರಲ್ಲಿ ಸ್ಥಿರೀಕರಿಸಿತು. ಚಿನ್ನದ ಕೆಲಸದಲ್ಲಿ ನಿಲ್ಲಿಸಲೇಬೇಕಾದವು ಎಂದು ಅದರಲ್ಲಿ ನಾಲ್ಕನ್ನು ಹೇಳಿದ್ದಾರೆ. ಅದಿರಿಗೆಲ್ಲ ನೇರವಾಗಿ ಪಾದರಸ ಸುರಿಯುವುದು ಒಂದು. ತೆರೆದು ಸುಡುವುದು ಇನ್ನೊಂದು. ಪಾದರಸ ಇರುವ ಮಣ್ಣಿಗೆ ಸೈನೈಡ್ ಹಾಕುವುದು ಮತ್ತೊಂದು, ಅದು ಎಣ್ಣೆ ವ್ಯಾಪಾರಿ ಅಣ್ಣ ಹೇಳಿದ ಕರ್ತಾ. ಸೈನೈಡ್ ಪಾದರಸವನ್ನು ಕರಗಿಸಿ ನೀರಿನ ಜೊತೆ ಓಡಿಸಿಬಿಡುತ್ತದೆ. ನಾಲ್ಕನೆಯದು ಜನ ವಾಸ ಮಾಡುವ ಜಾಗದಲ್ಲಿ ಉಂಡೆ ಸುಡುವುದು. ನೀವು ಬರೆದದ್ದು ಇದೇ.

ಆವಿ ತಣ್ಣಗಾಗಿ ಗೋಡೆ, ಸೂರು, ಹಾಸಿಗೆ, ಮಡಕೆಗೆ ಕೂರುತ್ತದೆ. ಬಿಸಿಲು ಏರಿದ ಮೇಲೆ ಮತ್ತೆ ಆವಿ ಆಗುತ್ತದೆ. ಸುಡುವುದು ಮುಗಿದರೂ ಮನೆಯೊಳಗೆ ಅದು ಮುಗಿಯುವುದಿಲ್ಲ. ಅಲ್ಲಿ ಮಕ್ಕಳಿದ್ದಾರಾ?


ಮೂಸೆ (ದಾವಣಗೆರೆ), 6:50

ಇದ್ದಾರೆ. ಒಂದು ಮನೆಯಲ್ಲಿ ಮೂರು. ಚಿಕ್ಕದಕ್ಕೆ ಇನ್ನೂ ಹಾಲು ಬಿಟ್ಟಿಲ್ಲ.


ಸಿಸ್ಟರ್ (ಹಿರಿಯೂರು), 7:30

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹೊನ್ನಾಳಿ ಅಣ್ಣನಿಗೆ ಮೊದಲು. ಬಸುರಿಗೆ ಮೀನು ಪೂರ್ತಿ ಬಿಡಿಸಬೇಡಿ. ಮಗುವಿನ ಮಿದುಳು ಬೆಳೆಯಲು ಬೇಕಾದ ಕೊಬ್ಬು, ಪ್ರೋಟೀನು ಎರಡೂ ಮೀನಿನಲ್ಲಿ ಇವೆ. ನಮ್ಮ ಕಡೆ ರಕ್ತ ಕಡಿಮೆ ಇರುವ ಬಸುರಿಯರೇ ಜಾಸ್ತಿ. ವಾಣಿವಿಲಾಸ ಸಾಗರದ ಮೀನನ್ನು ನಾನೇ ಬಸುರಿಯರಿಗೆ ತಿನ್ನಿ ಎಂದು ಹೇಳುತ್ತೇನೆ. ಮೇಡಂ ಹೇಳಿದ ಹಾಗೆ ಸಣ್ಣವು. ಮೈಗೆ ಸೇರಿದ ಮಿಥೈಲ್ ಪಾದರಸ ಸುಮಾರು ಎರಡು ತಿಂಗಳಿಗೆ ಅರ್ಧ ಇಳಿಯುತ್ತದೆ. ಇನ್ನು ಕೂಡದಂತೆ ನೋಡಿಕೊಂಡರೆ ಮೈ ತಾನೇ ಹೊರಗೆ ಹಾಕುತ್ತದೆ.

ಮೂಸೆ ಅಣ್ಣ, ಆ ಮನೆಯವರ ವಿಷಯ ನನಗೆ ಜಾಸ್ತಿ ಚಿಂತೆ ಆಗಿದೆ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, "ಪಾದರಸ ಸುಡುತ್ತಾರೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೈ ನಡುಕಕ್ಕೆ ಶಕ್ತಿ ಮಾತ್ರೆ ಬರೆದು ಕಳಿಸುತ್ತಾರೆ. ಆವಿ ಕುಡಿದವರಿಗೆ ಮೂತ್ರ ಪರೀಕ್ಷೆ ಮಾಡಬೇಕು. ಮೀನಿನಿಂದ ಬಂದದ್ದಾದರೆ ಕೂದಲಲ್ಲಿ ತಿಳಿಯುತ್ತದೆ, ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಯಾವ ತಿಂಗಳು ಎಷ್ಟು ಎಂಬುದೂ ಗೊತ್ತಾಗುತ್ತದೆ. ಪೊಲೀಸರ ಹೆದರಿಕೆ ಇಟ್ಟರೆ ಅವರು ಬರುವುದಿಲ್ಲ. ಮಗುವಿನ ಹೆಸರು ಹೇಳಿ ಕರೆಯಿರಿ.


ಸೂಳೆಕೆರೆ ಬಲೆ (ಚನ್ನಗಿರಿ), 12:10

ನಾನು ಮೊದಲು ಸಿಟ್ಟಿನಲ್ಲಿ ಬರೆದೆ. ಈಗ ಒಂದು ಕೇಳುತ್ತೇನೆ. ನಮ್ಮ ಮೀನುಗಾರರ ಸಹಕಾರ ಸಂಘದಿಂದ ಐದಾರು ಮೀನು ಪರೀಕ್ಷೆಗೆ ಕೊಟ್ಟರೆ ಏನು ಪ್ರಯೋಜನ? ಚೆನ್ನಾಗಿದೆ ಎಂದು ಬಂದರೆ ಬೋರ್ಡ್ ಹಾಕುತ್ತೇವೆ. ಕೆಟ್ಟದ್ದು ಬಂದರೆ?


ಕೋಟೆ ಮೇಡಂ (ಚಿತ್ರದುರ್ಗ), 1:05

ಕೆಟ್ಟದ್ದು ಬಂದರೆ ಯಾವ ಜಾತಿ, ಯಾವ ತೂಕದ ಮೇಲಿನದ್ದು ಬೇಡ ಎಂದು ತಿಳಿಯುತ್ತದೆ, ಉಳಿದದ್ದು ಮಾರಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆ ವಿಚಾರಿಸಿ. ರೋಹು ಒಂದಷ್ಟು, ದೊಡ್ಡ ಬಾಳೆ ಒಂದಷ್ಟು ಬೇರೆ ಬೇರೆ ಕೊಡಿ, ಎರಡನ್ನೂ ಕಲಸಬೇಡಿ. ದಾವಣಗೆರೆಯಲ್ಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಟ್ಟು ಕೆರೆಯ ಕೆಸರು ಪರೀಕ್ಷೆ ಕೇಳಿ. ನೀರು ಮಾತ್ರ ಸಾಲದು ಎಂದು ಅರ್ಜಿಯಲ್ಲೇ ಬರೆಯಿರಿ. ಬೇಕಾದರೆ ನಾನು ಬರೆದುಕೊಡುತ್ತೇನೆ.


ಹೊಳೆದಂಡೆ (ಹೊನ್ನಾಳಿ), ಶುಕ್ರವಾರ ರಾತ್ರಿ 9:00

ನಿಮ್ಮೆಲ್ಲರ ಮಾತನ್ನು ಅವ್ವನಿಗೆ, ತಂಗಿಗೆ ಕೂರಿಸಿಕೊಂಡು ಓದಿ ಹೇಳಿದೆ. ಮಿನಮಾಟದ ತಾಯಂದಿರ ಕಥೆ ಕೇಳಿ ಅವ್ವ ಏನೂ ಮಾತಾಡಲಿಲ್ಲ. ಇವತ್ತು ಸಂತೆಯಲ್ಲಿ ತಾನೇ ಆರಿಸಿ ಮುಕ್ಕಾಲು ಕೆಜಿಯ ರೋಹು ತಂದಳು. ತಂಗಿ ಎರಡು ತುಂಡು ತಿಂದಳು. ಯಜಮಾನರಿಗೂ ಫೋನಿನಲ್ಲಿ ಹೇಳಿದ್ದೇವೆ, ಒಪ್ಪಿದ್ದಾರೆ.

ಮೂಸೆ ಅಣ್ಣ, ಆ ಮನೆ ಏನಾಯಿತು?


ಮೂಸೆ (ದಾವಣಗೆರೆ), ಶನಿವಾರ ರಾತ್ರಿ 11:15

ಹೋಗಿದ್ದೆ. ಮೊದಲು ಬಾಗಿಲು ತೆರೆಯಲಿಲ್ಲ. ಕಸ ಕೊಡಲು ಬಂದಿದ್ದೇನೆ ಎಂದಾಗ ತೆರೆದರು. ಆ ಹುಡುಗನಿಗೆ ಇಪ್ಪತ್ತೆಂಟು ವಯಸ್ಸು. ಈಗಲೇ ಸಹಿ ಹಾಕುವಾಗ ಅಕ್ಷರ ಓಡಾಡುತ್ತದೆ. ನಮ್ಮ ದೊಡ್ಡಪ್ಪನ ಕಥೆ ಹೇಳಿದೆ. ಸುಮ್ನೆ ಕೇಳಿಸಿಕೊಂಡ. "ಬಿಟ್ಟರೆ ಹೊಟ್ಟೆಗೆ ಏನಣ್ಣ?" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮೇಡಂಗೆ ಫೋನ್ ಮಾಡಿದೆ. ಅವರು ಎರಡು ದಾರಿ ಹೇಳಿದರು. ಫಿಲಿಪೈನ್ಸಿನ ಬೆಂಗೆಟ್ ಅನ್ನುವ ಕಡೆ ಜನ ಪಾದರಸವೇ ಇಲ್ಲದೆ ಬಿಳಿಗಾರ ಹಾಕಿ ಚಿನ್ನ ಕರಗಿಸುತ್ತಾರಂತೆ. ಬಿಳಿಗಾರ ನಮ್ಮ ಮನೆಯ ವಸ್ತು, ದಿನಾ ಬೆಸುಗೆಗೆ ಬೇಕು! ಇದು ಇಷ್ಟು ವರ್ಷ ನಮಗೆ ಹೊಳೆಯಲಿಲ್ಲವಲ್ಲ. ಆದರೆ ಪುಡಿಯನ್ನು ಚೆನ್ನಾಗಿ ಜಾಲಿಸಿ, ಕಸ ಇಲ್ಲದಂತೆ ಮಾಡಿಕೊಂಡರೆ ಮಾತ್ರ ಅದು ಆಗುತ್ತದೆ. ಹುಡುಗನಿಗೆ ಕಲಿಸಲು ನನಗೆ ತಿಂಗಳಾದರೂ ಬೇಕು. ಅಲ್ಲಿಯ ತನಕ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಸುಟ್ಟು, ಆವಿಯನ್ನು ಪೈಪಿನಲ್ಲಿ ತಣ್ಣಗೆ ಮಾಡಿ ಪಾದರಸ ವಾಪಸ್ ಹಿಡಿಯುವುದು. ಹಿಡಿದದ್ದನ್ನು ಮತ್ತೆ ಬಳಸಬಹುದು, ಹೊಸದು ಕೊಳ್ಳುವ ದುಡ್ಡು ಉಳಿಯುತ್ತದೆ ಎಂದ ಮೇಲೆ ಹುಡುಗ ಕಿವಿ ಕೊಟ್ಟ.

ಮನೆಯೊಳಗೆ ಸುಡುವುದನ್ನು ಅವತ್ತೇ ನಿಲ್ಲಿಸಿದ್ದಾರೆ. ಮಕ್ಕಳು ಅಜ್ಜಿ ಮನೆಯಲ್ಲಿ ಇದ್ದಾರೆ. ಗೋಡೆಗೆ ಸುಣ್ಣ ಹೊಡೆಸಬೇಕು, ಹಾಸಿಗೆ ಬದಲಿಸಬೇಕು. ನಾವು ನಾಲ್ಕು ಅಂಗಡಿಯವರು ಸೇರಿ ಅದರ ಖರ್ಚು ಹಾಕುತ್ತೇವೆ. ಕಸ ಮಾರಿದ ದುಡ್ಡು ನಾವೂ ತಿಂದವರೇ.

ಆ ಪಾತ್ರೆ ಮಾಡಿಕೊಡುವವರು ಯಾರಾದರೂ ಗೊತ್ತಾ?


ಲೇತ್ ಮಿಷನ್ (ಹರಿಹರ), ಭಾನುವಾರ ಬೆಳಿಗ್ಗೆ 7:20

ನಾನು ಮಾಡುತ್ತೇನೆ. ಚಿತ್ರ ಕಳಿಸಿ. ಎರಡು ಇಂಚಿನ ಕಬ್ಬಿಣದ ಪೈಪು, ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ತಿರುಪು (ಥ್ರೆಡ್) ಕೊಯ್ದು ಬಿಗಿ ಮುಚ್ಚಳ, ಮೇಲಿಂದ ಅರ್ಧ ಇಂಚಿನ ಪೈಪು ಬಾಗಿಸಿ ಕೆಳಗೆ ಇಳಿಸಬೇಕು, ಅಷ್ಟೇ ತಾನೆ? ಮನೆಯಲ್ಲಿ ಬಿದ್ದಿರುವ ನಲ್ಲಿ ಪೈಪು ತರಬೇಡಿ, ಅದಕ್ಕೆ ಸತುವಿನ ಲೇಪ ಇರುತ್ತದೆ. ಕಾದರೆ ಅದೂ ಹೊಗೆ ಬಿಡುತ್ತದೆ. ಕೂಲಿ ಬೇಡ.


ಕೋಟೆ ಮೇಡಂ (ಚಿತ್ರದುರ್ಗ), 8:00

ಒಂದು ಎಚ್ಚರ. ಕೆಳಗಿನ ಪೈಪಿನ ತುದಿಯನ್ನು ನೀರಲ್ಲಿ ಮುಳುಗಿಸಬಾರದು. ಬೆಂಕಿ ಆರಿದಾಗ ನೀರನ್ನು ಒಳಗೆ ಎಳೆದುಕೊಂಡು ಸಿಡಿಯುತ್ತದೆ. ಪೈಪಿಗೆ ಒದ್ದೆ ಬಟ್ಟೆ ಸುತ್ತಿ, ತುದಿಯ ಕೆಳಗೆ ಬಟ್ಟಲು ಇಡಿ. ಬಯಲಲ್ಲಿ ಸುಡಬೇಕು, ಗಾಳಿ ಬರುವ ಕಡೆ ನಿಲ್ಲಬೇಕು, ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು.


ಮೂಸೆ (ದಾವಣಗೆರೆ), 8:25

ಬುಧವಾರ ಹನ್ನೊಂದರ ಬಸ್ಸಿಗೆ ಹರಿಹರಕ್ಕೆ ಬರುತ್ತೇವೆ. ಹುಡುಗನ ಜೊತೆ ಅವನ ಹೆಂಡತಿಯೂ ಬರುತ್ತಾಳಂತೆ. ಉಂಡೆ ಸುಡುವವಳು ಅವಳೇ.